ನಾಯಿ ಜೊತೆ ವಿಮಾನ ಹತ್ತುವ ಮುಂಚೆ

ಪ್ರಶ್ನೆ: ಡಾಕ್ಟ್ರೇ, ನನಗೆ ದೆಹಲಿಗೆ ವರ್ಗ ಆಗಿದೆ. ಮನೆಯಲ್ಲಿ ಕರಿಯ ಇದ್ದಾನೆ. ಬೀದಿಯಿಂದ ತಂದು ಸಾಕಿದ್ದು, ಈಗ 18 ಕೆಜಿ. ಬಿಟ್ಟು ಹೋಗೋಕೆ ಮನಸ್ಸಿಲ್ಲ. ನಮ್ಮೂರಿನ ಮಂಡಕಳ್ಳಿ ಏರ್‌ಪೋರ್ಟಿಂದಲೇ ಕರೆದುಕೊಂಡು ಹೋಗಬಹುದಾ, ಇಲ್ಲ ಬೆಂಗಳೂರಿಗೇ ಹೋಗಬೇಕಾ? ಏರ್‌ಪೋರ್ಟಲ್ಲಿ ಏನೇನು ಕೇಳುತ್ತಾರೆ? ಗಲಾಟೆ ಮಾಡದ ಹಾಗೆ ನಿದ್ದೆ ಮಾತ್ರೆ ಕೊಟ್ಟರೆ ಆಗುತ್ತಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮಾತ್ರೆ ವಿಷಯ ಮೊದಲು ಹೇಳಿಬಿಡುತ್ತೇನೆ. ಕೊಡಬೇಡಿ. ಮಂಪರಿನ ಔಷಧಿಯಿಂದ ರಕ್ತದೊತ್ತಡ ಇಳಿಯುತ್ತದೆ, ಮೈ ಬಿಸಿ ಹಿಡಿತಕ್ಕೆ ಸಿಗುವುದಿಲ್ಲ, ವಿಮಾನ ವಾಲಿದಾಗ ನಾಯಿಗೆ ಕಾಲೂರಿ ನಿಲ್ಲೋಕೂ ಆಗುವುದಿಲ್ಲ. ವಿಮಾನದ ಕೆಳಗಿನ ಲಗೇಜ್ ಭಾಗದಲ್ಲಿ ಅದನ್ನು ನೋಡಿಕೊಳ್ಳೋಕೆ ಯಾರೂ ಇರುವುದಿಲ್ಲ ಬೇರೆ. ತೂಕಡಿಸುವ ನಾಯಿಯನ್ನು ಕೌಂಟರಿನಲ್ಲೇ ವಾಪಸ್ ಕಳಿಸಬಹುದು.

ಮಂಡಕಳ್ಳಿಯ ರನ್‌ವೇ ಚಿಕ್ಕದು. ಅಲ್ಲಿಗೆ ಬರುವುದು ಎಟಿಆರ್ ಥರದ ಸಣ್ಣ ವಿಮಾನ. ಅಲ್ಲಿಂದ ಹೊರಟರೆ ಮಧ್ಯೆ ಎಲ್ಲೋ ಇಳಿದು ಇನ್ನೊಂದು ಹತ್ತಬೇಕು, ನಾಯಿಗೆ ಹಿಂಸೆ. ಆದ್ದರಿಂದ ಕಾರು ಮಾಡಿಕೊಂಡು ದೇವನಹಳ್ಳಿಗೆ ಹೋಗಿ, ನೇರ ವಿಮಾನ ಹಿಡಿಯಿರಿ. ಬೇಸಿಗೆಯಾದರೆ ರಾತ್ರಿಯದ್ದೋ ಬೆಳಗಿನ ಜಾವದ್ದೋ ನೋಡಿ. ಮೇ ತಿಂಗಳ ಮಧ್ಯಾಹ್ನ ದೆಹಲಿಯಲ್ಲಿ ವಿಮಾನ ನಿಲ್ಲುವ ಟಾರ್ಮ್ಯಾಕ್ ಮೇಲೆ ನಾಯಿಯನ್ನಿಟ್ಟ ಪೆಟ್ಟಿಗೆ, ಅಂದರೆ ಕ್ರೇಟ್, ಕಾಯುತ್ತಾ ಕೂತಿರುವುದನ್ನು ಸುಮ್ನೆ ಯೋಚನೆ ಮಾಡಿ, ಸಾಕು.

ತುಂಬಾ ಜನ ತಮ್ಮ ಟಿಕೆಟ್ ಮಾಡಿಸಿಕೊಂಡು, ಸೂಟ್‌ಕೇಸೂ ತುಂಬಿಟ್ಟು, ಆಮೇಲೆ ನಾಯಿಗೆ ಜಾಗ ಇದೆಯಾ ಅಂತ ಫೋನ್ ಮಾಡುತ್ತಾರೆ. ಅದು ಉಲ್ಟಾ ಆಗಬೇಕು. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ಇಂಡಿಗೋದವರು ಸೇವಾ ನಾಯಿ ಬಿಟ್ಟರೆ ಬೇರೆ ನಾಯಿ ಒಯ್ಯುವುದಿಲ್ಲ. ಏರ್ ಇಂಡಿಯಾ, ಆಕಾಶ ಏರ್ ಒಯ್ಯುತ್ತವೆ. ಪುಟ್ಟ ನಾಯಿಯಾದರೆ ಕ್ಯಾಬಿನ್ನಿನಲ್ಲಿ ನಿಮ್ಮ ಕಾಲ ಬಳಿ, ದೊಡ್ಡದಾದರೆ ಕೆಳಗೆ ಲಗೇಜ್ ಹೋಗುವ ಭಾಗದಲ್ಲಿ. ತೂಕ ಅಂದರೆ ನಾಯಿಯದ್ದು ಮಾತ್ರ ಅಲ್ಲ, ಕ್ರೇಟೂ ಸೇರಿ. ಆಕಾಶ ಏರ್ 2022ರಲ್ಲಿ ಶುರು ಮಾಡಿದಾಗ ಕ್ಯಾಬಿನ್ ಮಿತಿ 7 ಕೆಜಿ ಇತ್ತು. ಈ ಮಿತಿಗಳು ಆಗಾಗ ಬದಲಾಗುತ್ತವೆ, ಆದರೆ ನಿಮ್ಮ ಕರಿಯ ಹೇಗೂ ಕೆಳಗೇ ಹೋಗಬೇಕು. ಜಾಗ ಖಚಿತ ಅಂತ ಇಮೇಲ್ ತರಿಸಿಕೊಂಡ ಮೇಲೆ ನಿಮ್ಮ ಟಿಕೆಟ್ ಮಾಡಿಸಿ.

ಕೆಳಗೆ ಅಂದರೆ ಗಾಬರಿ ಬೇಡ. ಅಲ್ಲೂ ಗಾಳಿಯ ಒತ್ತಡ ನಮ್ಮ ಕ್ಯಾಬಿನ್ನಿನ ಹಾಗೇ ಇರುತ್ತದೆ, ಪ್ರಾಣಿ ಇಡುವ ಭಾಗವನ್ನು ಬೆಚ್ಚಗೂ ಇಟ್ಟಿರುತ್ತಾರೆ. ಪ್ರಾಣಿ ಇದೆ ಅಂತ ಪೈಲಟ್‌ಗೆ ಬರವಣಿಗೆಯಲ್ಲಿ ತಿಳಿಸುತ್ತಾರೆ.

ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಕ್ರೇಟಿನಲ್ಲಿ, ಅದೂ ಮನೆಯಲ್ಲೇ. ಹಿಂದಿನ ದಿನ ಕ್ರೇಟ್ ತಂದು ನಾಯಿಯನ್ನು ಒಳಗೆ ತಳ್ಳಿದರೆ ಅದು ಹೆದರದೆ ಇನ್ನೇನು ಮಾಡೀತು? ಒಂದು ತಿಂಗಳು ಮುಂಚೆಯೇ ತಂದು ನಡುಮನೆಯಲ್ಲಿ ಬಾಗಿಲು ತೆಗೆದು ಇಡಿ. ಊಟ ಅದರೊಳಗೇ ಹಾಕಿ. ತಾನಾಗಿಯೇ ಹೋಗಿ ಮಲಗುವಷ್ಟು ರೂಢಿ ಆದ ಮೇಲೆ ಬಾಗಿಲು ಹಾಕೋಕೆ ಶುರು ಮಾಡಿ, ಮೊದಲು ಐದು ನಿಮಿಷ, ಆಮೇಲೆ ಜಾಸ್ತಿ ಮಾಡುತ್ತಾ ಹೋಗಿ. ಒಳಗೆ ನಾಯಿ ತಲೆ ತಗುಲದೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಅಯಾಟಾದ ನಿಯಮವೂ ಇದೇ. ಮೇಲಿನ ಕೆಳಗಿನ ಭಾಗ ಸೇರಿಸೋಕೆ ಪ್ಲಾಸ್ಟಿಕ್ ಕ್ಲಿಪ್ ನಂಬಬೇಡಿ, ಕಬ್ಬಿಣದ ನಟ್ಟು ಬೋಲ್ಟು ಹಾಕಿಸಿ. ಕೆಳಗೆ ನೀರು ಹೀರುವ ಹಾಸು, ಅದರ ಮೇಲೆ ನೀವು ಹಾಕಿಕೊಂಡು ಒಗೆಯದೆ ಬಿಟ್ಟ ಒಂದು ಹಳೇ ಬನಿಯನ್ ಇಡಿ. ಬಾಗಿಲಿಗೆ ಸಿಕ್ಕಿಸುವ ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಗಡ್ಡೆ ಕಟ್ಟಿಸಿ. ಎತ್ತಿ ಹಾಕುವಾಗ ಚೆಲ್ಲುವುದಿಲ್ಲ, ದಾರಿಯಲ್ಲಿ ನಿಧಾನಕ್ಕೆ ಕರಗಿ ನೆಕ್ಕೋಕೆ ಸಿಗುತ್ತದೆ.

ಕಾಗದ ಅಂದರೆ ಮುಖ್ಯವಾಗಿ ಎರಡು: ರೇಬೀಸ್ ಲಸಿಕೆಯ ಪುಸ್ತಕ, ಮತ್ತು ವಿಮಾನದಲ್ಲಿ ಹೋಗಲು ಆರೋಗ್ಯವಾಗಿದೆ ಅಂತ ವೆಟ್ ಕೊಡುವ ಸರ್ಟಿಫಿಕೇಟ್. ಲಸಿಕೆ ಅವಧಿ ಮುಗಿದಿರಬಾರದು, ನಿನ್ನೆ ಮೊನ್ನೆ ಹಾಕಿಸಿದ್ದೂ ನಡೆಯುವುದಿಲ್ಲ. ಸರ್ಟಿಫಿಕೇಟ್ ಎಷ್ಟು ದಿನದೊಳಗಿನದಾಗಿರಬೇಕು ಅಂತ ಬುಕ್ ಮಾಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಜೆರಾಕ್ಸ್ ಒಂದೆರಡು ಜಾಸ್ತಿ ಇರಲಿ.

ಹೊರಡುವ ದಿನ ಊಟ ಸ್ವಲ್ಪವೇ, ಅದೂ ವಿಮಾನಕ್ಕೆ ನಾಲ್ಕೈದು ಗಂಟೆ ಮುಂಚೆ. ಮದ್ದೂರಲ್ಲಿ ಕಾಫಿಗೆ ನಿಲ್ಲಿಸುತ್ತೀರಿ, ಗೊತ್ತು. ಅವನು ಎಷ್ಟೇ ದೀನವಾಗಿ ನೋಡಿದರೂ ವಡೆ ಮಾತ್ರ ಮುರಿದು ಹಾಕಬೇಡಿ. ಅದರಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಹಾಳು ಮಾಡುತ್ತದೆ, ಬೇಯಿಸಿದರೂ ಅಷ್ಟೇ. ನೀರು ಕುಡಿಸಿ, ಓಡಾಡಿಸಿ. ಏರ್‌ಪೋರ್ಟ್ ತಲುಪಿದ ಮೇಲೂ ಒಳಗೆ ಹೋಗುವ ಮುಂಚೆ ಒಂದು ಸುತ್ತು ನಡೆಸಿ, ಉಚ್ಚೆ ಮಾಡಿಸಿ. ವೆಬ್ ಚೆಕ್ ಇನ್ ನಂಬಿಕೊಂಡು ಕೊನೇ ಗಳಿಗೆಗೆ ಹೋಗಬೇಡಿ. ಕೌಂಟರಿನಲ್ಲಿ ತೂಕ ಹಾಕಬೇಕು, ಅರ್ಜಿಗೆ ಸಹಿ ಹಾಕಬೇಕು, ದುಡ್ಡು ಕಟ್ಟಬೇಕು. ಭದ್ರತಾ ತಪಾಸಣೆಗೆ ನಾಯಿಯನ್ನು ಹೊರಗೆ ತೆಗೆದು ಖಾಲಿ ಕ್ರೇಟನ್ನು ಎಕ್ಸ್‌ರೇಗೆ ಹಾಕುತ್ತಾರೆ. ಬಾಗಿಲು ತೆಗೆಯುವ ಮುಂಚೆ ಕುತ್ತಿಗೆಗೆ ಬೆಲ್ಟು, ಕೈಯಲ್ಲಿ ಹಗ್ಗ ಇರಲೇಬೇಕು. ಆ ಗದ್ದಲದಲ್ಲಿ ತಪ್ಪಿಸಿಕೊಂಡ ನಾಯಿಯನ್ನು ಹಿಡಿಯುವುದು ಹುಡುಗಾಟ ಅಲ್ಲ.

ಪ್ರಶ್ನೆ: ನಮ್ಮದು ಪಗ್. ಏಪ್ರಿಲ್‌ನಲ್ಲಿ ಮುಂಬೈಗೆ ವಿಮಾನದಲ್ಲಿ ಕರೆದುಕೊಂಡು ಹೋಗಬಹುದಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕ್ಯಾಬಿನ್ ತೂಕದ ಮಿತಿಯೊಳಗೆ ಬಂದರೆ ಸರಿ. ಇಲ್ಲಾಂದ್ರೆ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರು ಬಿಟ್ಟು. ಪಗ್, ಬುಲ್‌ಡಾಗ್, ಶಿಟ್ಜೂ ಥರ ಮೂಗು ಚಪ್ಪಟೆ ಇರುವ ಜಾತಿಗೆ ಸುಮ್ಮನೆ ಕೂತಾಗಲೇ ಉಸಿರಾಟ ಕಷ್ಟ, ಇನ್ನು ಸೆಕೆ, ಭಯ ಎರಡೂ ಸೇರಿದರೆ ಕೇಳಬೇಕಾ? ಎಷ್ಟೋ ವಿಮಾನ ಕಂಪನಿಗಳು ಇವುಗಳನ್ನು ಕೆಳಗೆ ಹಾಕೋಕೆ ಒಪ್ಪುವುದೂ ಇಲ್ಲ. ರೈಲಿನ ಫಸ್ಟ್ ಎಸಿಯಲ್ಲಿ ಇಡೀ ಕೂಪೆ, ಅಂದರೆ ಇಬ್ಬರ ಪುಟ್ಟ ಕೋಣೆ, ನಿಮಗೇ ಸಿಕ್ಕರೆ ಅದು ನಿಮ್ಮ ಜೊತೆಯಲ್ಲೇ ಮಲಗಿಕೊಂಡು ಬರಬಹುದು, ಖರ್ಚು ಜಾಸ್ತಿ ಅಷ್ಟೇ.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ನಮ್ಮ ಲ್ಯಾಬ್ರಡಾರನ್ನು ಮುಂದಿನ ತಿಂಗಳೇ ಕಳಿಸಿ ಅಂತಾಳೆ. ಆಗುತ್ತಾ ಸರ್?
– ಓದುಗರು, ಮಂಡ್ಯ

ಉತ್ತರ: ಇಲ್ಲ. ನಾಲ್ಕು ತಿಂಗಳಾದರೂ ಬೇಕು. ಮೊದಲು ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆ ಆಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು, ರೋಗ ತಡೆಯುವ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಕೊನೆಗೆ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಆರೋಗ್ಯ ಪ್ರಮಾಣಪತ್ರ. ಇನ್ನೊಂದು ವಿಷಯ, ಸಾಕುನಾಯಿ ಅಂತ ಒಳಗೆ ಬಿಡಬೇಕಾದರೆ ಮಾಲೀಕರು ಅಥವಾ ಅವರು ಬರೆದು ಒಪ್ಪಿಸಿದವರು ಅದರ ಜೊತೆಗೋ, ಐದು ದಿನ ಆಚೀಚೆಗೋ ಪ್ರಯಾಣ ಮಾಡಿರಬೇಕು. ಮಗಳು ಇಲ್ಲಿಗೆ ಬಂದು ವಾಪಸ್ ಹೋಗುವ ತಾರೀಖು ಯಾವುದು ಅಂತ ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಚಿಪ್ ಹಾಕಿಸಿ.