ನೆದರ್‌ಲ್ಯಾಂಡ್ಸ್‌ನ ಲಾ ಟ್ರಾಪ್ ಬ್ರೂವರಿಗೆ ಹೋಗಲು ಒಂದೇ ಶನಿವಾರ ಇದೆ. ರೇಟಿಂಗ್ ಜಾಸ್ತಿ ಇರುವ ಬಿಯರ್‌ಗಳನ್ನಷ್ಟೇ ಕುಡಿದು ಉಳಿದವನ್ನು ಬಿಟ್ಟುಬಿಡಬಹುದಾ? ಊರಿಗೆ ಯಾವುದನ್ನು ತರಲಿ?

ಬಿಡಬೇಡಿ. ಐಂಡ್‌ಹೋವನ್‌ಗೆ ಪ್ರಾಜೆಕ್ಟ್ ಮೇಲೆ ಬಂದು, ಶನಿವಾರ ಬಿಡುವು ಸಿಕ್ಕಿತು ಅಂತ ಬಿಯರ್‌ಗಳಿಗೆ ಜನ ಅಂಕ ಕೊಡುವ ಅನ್‌ಟ್ಯಾಪ್ಡ್ ಆ್ಯಪ್ ತೆಗೆದು, ಲಾ ಟ್ರಾಪ್‌ನ ಬಿಯರ್‌ಗಳನ್ನು ಅಂಕದ ಪ್ರಕಾರ ಜೋಡಿಸಿಕೊಂಡು, "ಮೇಲಿನವು ಸಾಕು, ಕೆಳಗಿನವು ಯಾಕೆ" ಅಂತ ಹೊರಟವರಲ್ಲಿ ನಾನೂ ಒಬ್ಬ. ಆ ಪಟ್ಟಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೇಲೆ ಕ್ವಾಡ್ರುಪೆಲ್, ಅದನ್ನೇ ಓಕ್ ಪೀಪಾಯಿಯಲ್ಲಿ ಇಟ್ಟಿದ್ದು. ಆಮೇಲೆ ಟ್ರಿಪೆಲ್, ಡುಬ್ಬೆಲ್. ತಳದಲ್ಲಿ ವಿಟ್ಟೆ, ಪೂರ್. ಒಮ್ಮೆ ಪಕ್ಕದಲ್ಲಿ ಆಲ್ಕೋಹಾಲ್ ಪ್ರಮಾಣ ಬರೆದು ನೋಡಿ. ಕ್ವಾಡ್ರುಪೆಲ್ ಶೇಕಡಾ 10, ಟ್ರಿಪೆಲ್ 8, ಡುಬ್ಬೆಲ್ 7, ಪೂರ್ 4.7. ಹೆಚ್ಚು ಕಡಿಮೆ ಅದೇ ಪಟ್ಟಿ! ಆಗ ನನಗೆ ಇದು ಹೊಳೆಯಲಿಲ್ಲ.

ಜೂನ್ ತಿಂಗಳು, ಒಳ್ಳೆ ಬಿಸಿಲು. ಹೆಂಡತಿಯೂ ಬಂದಿದ್ದಳು. ತಿಲ್ಬರ್ಗ್ ಸ್ಟೇಷನ್‌ನಲ್ಲಿ ಇಳಿದು, ಬಾಡಿಗೆ ಸೈಕಲ್ ಹಿಡಿದು ಬರ್ಕೆಲ್-ಎನ್‌ಸ್ಕಾಟ್ ಕಡೆ ಹೊರಟೆವು. ಈ ಬಿಯರ್ ತಯಾರಾಗುವ ಕ್ರೈಸ್ತ ಮಠ ಇರುವುದು ಅಲ್ಲೇ, ಕೋನಿಂಗ್ಸ್‌ಹೂವನ್‌ನಲ್ಲಿ. ಬ್ರೂವರಿ ನೋಡುವ ಟೂರ್ ಮಧ್ಯಾಹ್ನಕ್ಕೆ ಬುಕ್ ಮಾಡಿದ್ದೆ. ಬೇಗ ತಲುಪಿದ್ದರಿಂದ ಸೀದಾ ಪಕ್ಕದ ಪ್ರೂಫ್‌ಲೊಕಾಲ್‌ಗೆ ನುಗ್ಗಿದೆ. ಅಂದರೆ ಕುಡಿಯುವ ಜಾಗ, ದೊಡ್ಡ ಅಂಗಳ ಇದೆ. ಅವಳು ಪಟ್ಟಿಯ ತಳದಲ್ಲಿದ್ದ ವಿಟ್ಟೆ ತಗೊಂಡಳು. ನಾನು ಮುಖ ಸಿಂಡರಿಸಿ ಕ್ವಾಡ್ರುಪೆಲ್ ಹೇಳಿದೆ.

ತಪ್ಪಾಗಿದ್ದು ಇಲ್ಲೇ. ಜಾಸ್ತಿ ಕುಡಿದೆ ಅನ್ನೋದಲ್ಲ ತಪ್ಪು, ಅದು ಆಮೇಲೆ ಆಗಿದ್ದು. ತಪ್ಪು ಮಾಡಿದ್ದು ಸರದಿಯಲ್ಲಿ. ಅಂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಕುಡಿಯುತ್ತಾ ಹೋದೆ. ಸೈಕಲ್ ತುಳಿದು ಬಾಯಿ ಒಣಗಿತ್ತು, ಹೊಟ್ಟೆಯಲ್ಲಿ ಬೆಳಗಿನ ಬ್ರೆಡ್ ಬಿಟ್ಟರೆ ಏನೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ನೀರಿನ ಹಾಗೆ ಗಟಗಟ ಕುಡಿಯಲು ಸಿಕ್ಕಿದ್ದು ಶೇಕಡಾ 10ರ ಬಿಯರ್. ಮೊದಲ ಗುಟುಕು ಅದ್ಭುತ, ಸುಳ್ಳು ಹೇಳಲ್ಲ. ಒಣದ್ರಾಕ್ಷಿ, ಖರ್ಜೂರ, ಸುಟ್ಟ ಸಕ್ಕರೆ, ಕೊನೆಗೆ ಎದೆಯಲ್ಲಿ ಬೆಚ್ಚಗೆ. ಅಲ್ಲೇ ಫೋನ್ ತೆಗೆದು ಐದಕ್ಕೆ ಐದು ಕೊಟ್ಟೆ. ಗ್ಲಾಸ್ ಅರ್ಧ ಆಗುವಷ್ಟರಲ್ಲಿ ಸಿಹಿ ಸಾಕಾಗಿತ್ತು. ಆದರೆ ಅಂಕ ಆಗಲೇ ಕೊಟ್ಟಾಗಿತ್ತಲ್ಲ!

ಆಮೇಲೆ ಟ್ರಿಪೆಲ್ ಬಂತು. ಬರೀ ಕಹಿ ಅನಿಸಿತು. ಡುಬ್ಬೆಲ್ ಬಂತು. ನೀರು ಬೆರೆಸಿದ ಹಾಗಿತ್ತು. ಹೋಳಿಗೆ ತಿಂದ ಮೇಲೆ ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನಿಸುತ್ತದಲ್ಲ, ಹಾಗೆ. ಡುಬ್ಬೆಲ್‌ಗೆ ಎರಡೂವರೆ ಒತ್ತಿದೆ. ಅದು ಕೆಟ್ಟ ಬಿಯರ್ ಅಲ್ಲವೇ ಅಲ್ಲ. ಈಗ ಮನೆಯಲ್ಲಿ ಜಾಸ್ತಿ ತೆರೆಯುವುದು ಅದನ್ನೇ. ಆದರೆ ನಾಲಿಗೆ ಸತ್ತಿರುವಾಗ ಕೊಟ್ಟ ಆ ಎರಡೂವರೆ ಇವತ್ತಿಗೂ ಅಲ್ಲೇ ಇದೆ, ನೀವು ನೋಡುತ್ತಿರುವ ಸರಾಸರಿಯಲ್ಲಿ ಅದೂ ಸೇರಿದೆ. ನನ್ನಂಥವರು ಇನ್ನೆಷ್ಟು ಜನವೋ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಾಟಲಿ ಚಿಕ್ಕದು ಅಂತ ನಾನು ಮೋಸ ಹೋದೆ. ಕ್ವಾಡ್ರುಪೆಲ್‌ನ 330 ಎಂ.ಎಲ್. ಬಾಟಲಿಯಲ್ಲಿ 33 ಎಂ.ಎಲ್. ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮ ಬಾರ್‌ಗಳಲ್ಲಿ ಕೊಡುವ 650 ಎಂ.ಎಲ್. ದೊಡ್ಡ ಬಾಟಲಿ, ಸ್ಟ್ರಾಂಗ್ ಅಲ್ಲದ್ದು, ಶೇಕಡಾ 5ರದ್ದು ಅಂದುಕೊಳ್ಳಿ, ಅದರಲ್ಲಿ 32.5. ಅಂದರೆ ಒಂದು ಪುಟ್ಟ ಕ್ವಾಡ್ರುಪೆಲ್, ಒಂದು ದೊಡ್ಡ ಬಾಟಲಿಗೆ ಸಮ. ನಾನು ಖಾಲಿ ಹೊಟ್ಟೆಯಲ್ಲಿ ಬಿಸಿಲಲ್ಲಿ ಕೂತು ಅದರ ಮೇಲೆ ಇನ್ನೆರಡು ಇಳಿಸಿದ್ದೆ.

ಟೂರ್ ಶುರುವಾದಾಗ ಎದ್ದು ನಿಂತೆ, ಮತ್ತೆ ಕೂತೆ. ಅವಳೊಬ್ಬಳೇ ಹೋಗಿ ಬಂದಳು. ನಾನು ಬೆಂಚಿನ ಮೇಲೆ ತೂಕಡಿಸಿದೆ. ನೋಡಬೇಕು ಅಂತ ಬುಕ್ ಮಾಡಿದವನು ನಾನು, ನೋಡಿದವಳು ಅವಳು. ವಾಪಸ್ ಬರುವಾಗ ಸೈಕಲ್ ತಳ್ಳಿಕೊಂಡು ನಡೆಯಬೇಕಾಯಿತು. ಇಲ್ಲಿ ಕುಡಿದು ಸೈಕಲ್ ತುಳಿಯುವುದೂ ಅಪರಾಧ, ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಅನ್ನುವ ಮಿತಿ ಕಾರಿಗೆ ಇದ್ದ ಹಾಗೆ ಸೈಕಲ್ಲಿಗೂ ಇದೆ. ಆ ದಾರಿಯುದ್ದಕ್ಕೂ ಅವಳು ಟೂರ್‌ನ ಕಥೆ ಹೇಳಿದಳು, ಒಂದು ಥರ ಶಿಕ್ಷೆಯ ಹಾಗೆ.

1881ರಲ್ಲಿ ಉತ್ತರ ಫ್ರಾನ್ಸಿನ ಮೋಂ ದೆ ಕಾ ಮಠದಿಂದ ಟ್ರಾಪಿಸ್ಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಕೆಲವು ಸನ್ಯಾಸಿಗಳು ಇಲ್ಲಿಗೆ ಬಂದರು. ಹಿಂದೆ ಎರಡನೇ ವಿಲ್ಲೆಮ್ ರಾಜನದಾಗಿದ್ದ ಜಮೀನು ಇದು. ಮೊದಲು ಉಳಿದುಕೊಂಡಿದ್ದು ಕುರಿ ಹಟ್ಟಿಯಲ್ಲಂತೆ. ಮಠ ಕಟ್ಟಲು, ಹೊಟ್ಟೆ ಹೊರೆಯಲು ದುಡ್ಡು ಬೇಕಿತ್ತು, ಅದಕ್ಕೇ 1884ರಲ್ಲಿ ಬ್ರೂವರಿ. ಮೊದಲು ಬಿಯರ್ ತಯಾರಿಸಿದವರು ಸಹೋದರ ಇಸಿಡೋರಸ್. 125 ವರ್ಷ ತುಂಬಿದಾಗ, 2009ರಲ್ಲಿ, ಅವರ ನೆನಪಿಗೆ ಇಸಿಡೋರ್ ಅನ್ನುವ ಬಿಯರ್ ತಂದರು. ಕ್ವಾಡ್ರುಪೆಲ್ ಬಂದಿದ್ದು 1991ರಲ್ಲಿ. ಈಗ ಜಗತ್ತಿನ ಎಷ್ಟೋ ಬ್ರೂವರಿಗಳು ತಮ್ಮ ಗಾಢ ಬಣ್ಣದ ಸ್ಟ್ರಾಂಗ್ ಬಿಯರ್‌ಗೆ "ಕ್ವಾಡ್" ಅಂತ ಬರೆಯುತ್ತವಲ್ಲ, ಆ ಹೆಸರು ಹೊರಟಿದ್ದು ಇಲ್ಲಿಂದ.

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟಿದ್ದು. 1999ರಲ್ಲಿ ಬ್ರೂವರಿ ನಡೆಸುವ ಕೆಲಸವನ್ನು ದೊಡ್ಡ ಕಂಪನಿ ಬವಾರಿಯಾದ ಕೈಗೆ ಕೊಟ್ಟರು. ಆಗ ಬಾಟಲಿ ಮೇಲಿನ ಆರು ಮೂಲೆಯ ಟ್ರಾಪಿಸ್ಟ್ ಲೋಗೊ ಹೋಯಿತು. ಸನ್ಯಾಸಿಗಳ ಪಾತ್ರ ಹೆಚ್ಚಿದ ಮೇಲೆ 2005ರಲ್ಲಿ ವಾಪಸ್ ಬಂತು. ಆ ಲೋಗೊ ಬೇಕಾದರೆ ಬಿಯರ್ ಮಠದ ಆವರಣದಲ್ಲೇ ತಯಾರಾಗಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು, ಬಂದ ದುಡ್ಡು ಮಠಕ್ಕೆ ಮತ್ತು ದಾನಕ್ಕೆ ಹೋಗಬೇಕು. ರುಚಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ! ಆದರೂ ಲೋಗೊ ನೋಡಿ ಅಂಕ ಕೊಡುವವರು, "ಇದರ ಹಿಂದೆ ಕಂಪನಿ ಇದೆ" ಅಂತ ಅಂಕ ಕಡಿಯುವವರು ಇಬ್ಬರೂ ಇದ್ದಾರೆ. ಸುಲಭಕ್ಕೆ ಸಿಗುವುದೂ ಲಾ ಟ್ರಾಪ್‌ಗೆ ಏಟು ಅಂತ ನನಗನಿಸುತ್ತದೆ. ಬೆಲ್ಜಿಯಂನ ವೆಸ್ಟ್‌ವ್ಲೆಟೆರನ್ 12 ವರ್ಷಗಟ್ಟಲೆ ರೇಟಿಂಗ್ ಪಟ್ಟಿಗಳ ತುದಿಯಲ್ಲಿ ಕೂತಿತ್ತು. ಒಳ್ಳೆ ಬಿಯರ್, ಒಪ್ಪುತ್ತೇನೆ. ಆದರೆ ಅದು ಸಿಗುವುದೇ ಕಷ್ಟ. ಕಷ್ಟಪಟ್ಟು ತಂದದ್ದಕ್ಕೆ ಯಾರಾದರೂ ಮೂರು ಅಂಕ ಕೊಡ್ತಾರಾ? ಲಾ ಟ್ರಾಪ್ ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಹಾಲಿನ ಪ್ಯಾಕೆಟ್ ಜೊತೆ ಬುಟ್ಟಿಗೆ ಬೀಳುತ್ತದೆ.

ಹಾಗಾಗಿ "ರೇಟಿಂಗ್ ಕಡಿಮೆ ಇರುವುದನ್ನು ಬಿಡಬಹುದಾ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಜನ ಅಂಕ ಕೊಡುವುದು ಗುಟುಕಿಗೆ, ನೀವು ಕುಡಿಯುವುದು ಗ್ಲಾಸು. ಗುಟುಕಿನಲ್ಲಿ ಸಿಹಿ, ಗಾಢ, ಸ್ಟ್ರಾಂಗ್ ಇರುವುದೇ ಗೆಲ್ಲುತ್ತದೆ. ಬಿಸಿಲಲ್ಲಿ ಸೈಕಲ್ ತುಳಿದು ಬಂದವನಿಗೆ ಗೋಧಿ ಹಾಕಿ ಮಾಡಿದ, ಮಬ್ಬು ಬಣ್ಣದ, ತಣ್ಣನೆಯ ವಿಟ್ಟೆಗಿಂತ ಒಳ್ಳೆಯದು ಆ ಅಂಗಳದಲ್ಲಿ ಇನ್ನೊಂದಿಲ್ಲ. ಅವಳು ಅದನ್ನು ಕುಡಿದು, ಟೂರ್ ಮುಗಿಸಿ, ಆಮೇಲೆ ಒಂದು ಡುಬ್ಬೆಲ್‌ನ್ನೂ ಆರಾಮಾಗಿ ಕುಡಿದಳು.

ನೀವು ಹೀಗೆ ಮಾಡಿ. ಟೂರ್ ಮುಗಿಯುವ ತನಕ ವಿಟ್ಟೆ ಅಥವಾ ಪೂರ್, ಒಂದೇ ಒಂದು. ಟೂರ್ ಆದ ಮೇಲೆ ಊಟ, ಆಮೇಲೆ ಡುಬ್ಬೆಲ್. ಜೊತೆಗೆ ಇಬ್ಬರು ಮೂವರು ಇದ್ದರೆ ಕೊನೆಗೆ ಒಂದು ಕ್ವಾಡ್ರುಪೆಲ್ ಹಂಚಿಕೊಳ್ಳಿ, ತುಂಬಾ ತಣ್ಣಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ, ಚಿಲ್ಡ್ ಇದ್ದರೆ ವಾಸನೆಯೇ ಏಳುವುದಿಲ್ಲ. ಬೀಫ್ ತಿನ್ನದವರಾದರೆ ಒಂದು ಎಚ್ಚರಿಕೆ. ಬಿಯರ್ ಜೊತೆ ಎಲ್ಲ ಕಡೆ ಕೊಡುವ ಬಿಟರ್‌ಬಾಲ್ಲನ್ ನೋಡಲು ನಮ್ಮ ಬೋಂಡಾದ ತಮ್ಮನ ಹಾಗಿದ್ದರೂ ಒಳಗೆ ಸಾಮಾನ್ಯವಾಗಿ ದನದ ಮಾಂಸ ಇರುತ್ತದೆ, ಕೇಳಿ ತಗೊಳ್ಳಿ. ಮಠದ ಅಂಗಡಿಯಲ್ಲಿ ಚೀಸ್, ಬ್ರೆಡ್ ಸಿಗುತ್ತದೆ.

ಊರಿಗೆ ತರುವ ವಿಷಯದಲ್ಲಿ ಮಾತ್ರ ನಿಮ್ಮ ಪಟ್ಟಿ ಸರಿ. ವಿಟ್ಟೆ ತಾಜಾ ಇದ್ದಾಗಲೇ ಚೆನ್ನ, ಅಲ್ಲೇ ಮುಗಿಸಿ. ಕ್ವಾಡ್ರುಪೆಲ್ ಬಾಟಲಿಯೊಳಗೆ ಮತ್ತೆ ಹುದುಗುವ ಬಿಯರ್, ತಂಪು, ಕತ್ತಲೆ ಇರುವ ಜಾಗದಲ್ಲಿ ನಿಲ್ಲಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ ಬಿಡುವುದು 2 ಲೀಟರ್. 33 ಸೆಂಟಿಲೀಟರ್‌ನ ಆರು ಬಾಟಲಿ ಸೇರಿದರೆ 1.98 ಆಗುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡಿ. ಡ್ಯೂಟಿ ಫ್ರೀಯಲ್ಲಿ ಮಾವನಿಗೆ ಅಂತ ವಿಸ್ಕಿ ತಗೊಂಡರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ, ಮೊದಲೇ ತೀರ್ಮಾನ ಮಾಡಿಕೊಳ್ಳಿ.