ಓದುಗರ ಪ್ರಶ್ನೆ: ಎತ್ತಿಲ್ಲದ ಹಂತಿಯ ಪದ

ಪ್ರಶ್ನೆ: ನಾನು ಜಾನಪದದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮೂರಿನ ಹಿರಿಯರೊಬ್ಬರನ್ನು ಮನೆಗೆ ಕರೆಸಿ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಅವರು ನಾಲ್ಕು ನುಡಿ ಹಾಡಿ, ಮುಂದಿನದು ನೆನಪಾಗುತ್ತಿಲ್ಲವೆಂದು ನಿಲ್ಲಿಸಿಬಿಟ್ಟರು. ಅವರಲ್ಲಿ ಉಳಿದಿರುವುದು ಇಷ್ಟೇ ಎಂದು ಬರೆದುಕೊಳ್ಳಬಹುದೆ? ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆಯುವುದು ಕಡ್ಡಾಯವೆ?
— ವಿದ್ಯಾರ್ಥಿನಿ, ಸೇಡಂ

ಉತ್ತರ: ಬರೆದುಕೊಳ್ಳಬೇಡಿ. ನಾನು ಹಾಗೆ ಬರೆದುಕೊಂಡು ಒಮ್ಮೆ ಮುಖಭಂಗಕ್ಕೊಳಗಾಗಿದ್ದೇನೆ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಜ್ಜನೊಬ್ಬನನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಸದ್ದು ಬರಬಾರದೆಂದು ಫ್ಯಾನು ಆರಿಸಿ, ಮೈಕನ್ನು ಮುಖದ ಮುಂದಿಟ್ಟು ಹಾಡಲು ಕೇಳಿದ್ದೆ. ಐದಾರು ಸಾಲಿಗೇ ಅವನು ಬೆವರಿ ಸುಮ್ಮನಾದ. ನಾನು ಟಿಪ್ಪಣಿ ಪುಸ್ತಕದಲ್ಲಿ 'ಪೂರ್ಣ ನೆನಪಿಲ್ಲ' ಎಂದು ಗುರುತು ಹಾಕಿದೆ. ಚಹಾ ತಂದ ಸೊಸೆ ನಕ್ಕು, "ನಮ್ಮ ಮಾವ ಕುಂತು ಯಾವಾಗ ಹಾಡ್ಯಾರ್ರೀ? ಎತ್ತಿನ ಹಿಂದ ತಿರುಗಾಡ್ಕೋತ ಹಾಡ್ತಿದ್ರು" ಎಂದಳು.

ಕಣದ ನಡುವೆ ನೆಟ್ಟ ಕಂಬವಾದ ಮೇಟಿಯ ಸುತ್ತ ಎತ್ತುಗಳ ಸಾಲನ್ನು ತಿರುಗಿಸಿ ತೆನೆ ತುಳಿಸುವಾಗ ಹುಟ್ಟುವ ಹಾಡು ಅದು ಎಂಬುದನ್ನು ನಾನು ಓದಿ ತಿಳಿದಿದ್ದೆ. ಆದರೂ ಕುರ್ಚಿ ಹಾಕಿದ್ದೆ. ಮರುದಿನ ಬೆಳಿಗ್ಗೆ ಅಜ್ಜ ಕೈಯಲ್ಲೊಂದು ಕೋಲು ಹಿಡಿದು ಹಿತ್ತಲಿನ ಬೇವಿನ ಮರವನ್ನು ಸುತ್ತತೊಡಗಿದ. ಮೂರನೆಯ ಸುತ್ತಿಗೆ ಪದ ಬಂತು, ನುಡಿಯ ಮೇಲೆ ನುಡಿ ಬಂತು. ನಡುನಡುವೆ ಅವನು ಇಲ್ಲದ ಎತ್ತುಗಳನ್ನು ಗದರಿಸುತ್ತಿದ್ದ, ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡುತ್ತಿದ್ದ. ಆ ಸದ್ದುಗಳನ್ನು ಆಮೇಲೆ ಕತ್ತರಿಸಿ ತೆಗೆಯಬೇಕೆಂದುಕೊಂಡಿದ್ದ ನನಗೆ, ಮೂರ್ನಾಲ್ಕು ಸಲ ಕೇಳಿದ ಮೇಲಷ್ಟೇ ಅವನು ಉಸಿರು ತೆಗೆದುಕೊಳ್ಳುವುದೂ ಮುಂದಿನ ನುಡಿಯನ್ನು ಹುಡುಕಿಕೊಳ್ಳುವುದೂ ಅಲ್ಲಿಯೇ ಎಂಬುದು ಗೊತ್ತಾಯಿತು. ನಾನು ಮೊದಲು ಮೂಲೆಯಲ್ಲಿ ನಿಂತಿದ್ದರಿಂದ ಧ್ವನಿ ಹತ್ತಿರ ಬಂದು ದೂರ ಹೋಗುತ್ತಿತ್ತು. ಯಂತ್ರವನ್ನು ಮರದ ಬುಡಕ್ಕೆ, ಎಂದರೆ ಮೇಟಿಯ ಜಾಗಕ್ಕೆ, ಸರಿಸಿದ ಮೇಲೆ ಸರಿಹೋಯಿತು. ಅಲನ್ ಮೆರಿಯಮ್ ಎಂಬ ಸಂಗೀತ ಮಾನವಶಾಸ್ತ್ರದ ವಿದ್ವಾಂಸರು 1964ರಲ್ಲಿಯೇ, ನಾದ, ಅದರ ಸುತ್ತಲಿನ ನಡವಳಿಕೆ, ಅದರ ಹಿಂದಿನ ಪರಿಕಲ್ಪನೆ ಈ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಬರೆದಿದ್ದರು. ಪಡಸಾಲೆಯಲ್ಲಿ ನಾನು ಕೇಳಿದ್ದು ನಾದವನ್ನು ಮಾತ್ರ. ರಾಶಿ ಮಷಿನ್ ಬಂದ ಮೇಲೆ ಹಂತಿ ಪದ ಕಡಿಮೆಯಾಯಿತೆಂದು ಎಲ್ಲರೂ ಹೇಳುತ್ತೇವೆ. ಎತ್ತಿನ ನಡಿಗೆಯೇ ಅದರ ತಾಳವಾಗಿತ್ತೆಂಬುದು ನನಗೆ ಆ ಬೇವಿನ ಮರದ ಕೆಳಗೆ ತಿಳಿಯಿತು.

ಇದೇ ರೀತಿ, ಮೊಹರಂ ಪದ ಹಾಡುವವರು ಆ ದಿನಗಳಲ್ಲದೆ ಬೇರೆ ದಿನ ಹಾಡಲು ಹಿಂಜರಿದರೆ ಒತ್ತಾಯಿಸಬೇಡಿ, ಕಾಯಿರಿ.

ಸ್ವರಲಿಪಿ ಕಡ್ಡಾಯವಲ್ಲ, ಅದು ನಿಮ್ಮ ನೆನಪಿಗೆ ಊರುಗೋಲು ಮಾತ್ರ. ಬರೆಯುವುದಾದರೆ ಹಾಡು ಆರಂಭವಾದಾಗಿನ ಶ್ರುತಿಯನ್ನೂ ಮುಗಿದಾಗಿನ ಶ್ರುತಿಯನ್ನೂ ಬೇರೆಬೇರೆಯಾಗಿ ಗುರುತಿಸಿ. ಅಜ್ಜ ಹಾರ್ಮೋನಿಯಂನ ಕಪ್ಪು ಎರಡರ (ಎರಡನೆಯ ಕಪ್ಪು ಮನೆಯ) ಹತ್ತಿರ ಆರಂಭಿಸಿ, ಅರ್ಧ ತಾಸಿನಲ್ಲಿ ಕಪ್ಪು ಮೂರಕ್ಕೆ ಏರಿದ್ದ. ಎಲ್ಲವನ್ನೂ ಒಂದೇ ಷಡ್ಜಕ್ಕೆ, ಎಂದರೆ ಒಂದೇ ಆಧಾರ ಸ್ವರಕ್ಕೆ, ಕಟ್ಟಿದ್ದರೆ ಆ ಏರಿಕೆ ಕಾಗದದ ಮೇಲೆ ಉಳಿಯುತ್ತಲೇ ಇರಲಿಲ್ಲ.

ಪ್ರಶ್ನೆ: ಧ್ವನಿಮುದ್ರಣಕ್ಕೆ ಮೊಬೈಲ್ ಸಾಕೆ?
— ಓದುಗರು, ಹುಮನಾಬಾದ್

ಉತ್ತರ: ಆರಂಭಕ್ಕೆ ಸಾಕು. ಕುಗ್ಗಿಸಿದ ಕಡತದ ಬದಲು ವೇವ್ (WAV) ಕಡತವಾಗಿ, ಸಾಧ್ಯವಾದರೆ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಉಳಿಸಿ. ಹಾಡು ಮುಗಿದ ಕೂಡಲೇ ಗುಂಡಿ ಒತ್ತಬೇಡಿ. 1890ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಲ್ಲಿನ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರ ಹಾಡುಗಳನ್ನು ಮುದ್ರಿಸಿಕೊಂಡ ಮೇಣದ ಸಿಲಿಂಡರಿನಲ್ಲಿ ಕೆಲವೇ ನಿಮಿಷಗಳಿಗೆ ಜಾಗವಿತ್ತು. ನಮಗೆ ಆ ಇಕ್ಕಟ್ಟಿಲ್ಲ. ಯಾರಿಂದ ಕಲಿತರು, ಯಾರ ಕಣದಲ್ಲಿ ಹಾಡಿದರು ಎಂಬ ಮಾತೆಲ್ಲ ಹಾಡಿನ ನಂತರವೇ ಬರುತ್ತದೆ. ಧ್ವನಿಮುದ್ರಣದ ಒಂದು ಪ್ರತಿಯನ್ನು ಹಾಡಿದವರ ಮನೆಗೆ ತಪ್ಪದೆ ಕೊಡಿ. ಅಜ್ಜನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ನಾನು ಸೊಸೆಯ ಮೊಬೈಲಿಗೇ ಹಾಕಿಕೊಟ್ಟೆ. ಅವಳು ಮೊದಲು ಕೇಳಿಸಿಕೊಂಡದ್ದು ಎತ್ತುಗಳನ್ನು ಗದರಿಸುವ ಭಾಗವನ್ನು.