ತಾಜಿವಾಸ್‌ಗೆ ಕುದುರೆ ಬೇಕೇ ಬೇಕಾ?

ಉಡುಪಿಯಿಂದ ಹೊರಟಿದ್ದೇವೆ, ಕಾಶ್ಮೀರದ ಸೋನಮಾರ್ಗ್‌ನಿಂದ ತಾಜಿವಾಸ್ ಹಿಮನದಿಗೆ 7 ವರ್ಷದ ಮಗನ ಜೊತೆ ನಡೆದೇ ಹೋಗಬಹುದಾ ಅಂತ ಕೇಳಿದ್ದೀರಲ್ವಾ? ಧಾರಾಳವಾಗಿ ಹೋಗಬಹುದು. ದಾರಿ ಸುಮಾರು 3 ಕಿ.ಮೀ. ಕುದುರೆಯವರು ‘ನಡೆಯಲಿಕ್ಕೆ ಆಗಲ್ಲ’ ಅಂತ ಬೆನ್ನಿಗೆ ಬೀಳುತ್ತಾರೆ, ನಕ್ಕು ಮುಂದೆ ಹೋಗಿ.

ಕಡಲ ಬದಿಯ ನಮಗೆ ಎತ್ತರವೇ ಕಷ್ಟ. ನಮ್ಮ ಕುದುರೆಮುಖದ ತುದಿಯೇ 1,894 ಮೀಟರ್, ಸೋನಮಾರ್ಗ್ ಊರೇ 2,700ರ ಹತ್ತಿರ. ಮೊದಲ ದಿನ ಸುಮ್ನೆ ಶ್ರೀನಗರದಲ್ಲಿರಿ.

ಹಿಮದ ಅಂಚಿನಲ್ಲಿ ನಿಂತರೆ ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳಿಸುತ್ತದೆ. ಅಂದರೆ ಒಳಗೆ ಟೊಳ್ಳು, ಮಗನನ್ನು ಹತ್ತಲು ಬಿಡಬೇಡಿ. ನನ್ನ ಮಗಳು ಅಂಥ ಕಡೆ ಮೊಣಕಾಲವರೆಗೆ ಹೂತುಹೋದಳು, ಶೂ ತುಂಬಾ ಐಸ್ ನೀರು! ಒಣ ಸಾಕ್ಸ್ ಎರಡು ಜೊತೆ ಜಾಸ್ತಿಯೇ ಇಟ್ಟುಕೊಳ್ಳಿ. ಇಲ್ಲಿನ ಮಳೆಗಾಲದ ರೈನ್‌ಕೋಟು ಅಲ್ಲಿನ ಗಾಳಿಗೂ ಆಗುತ್ತದೆ.